ಟೋಸ್ಟ್‌ಮಾಸ್ಟರ್ಸ್: ಕಾಸು ಕಟ್ಟಿದ್ದು ಭಾಷಣಕ್ಕೆ, ಕೆಲಸಕ್ಕೆ ಬಂದಿದ್ದು ಟೈಮರ್

ಟೋಸ್ಟ್‌ಮಾಸ್ಟರ್ಸ್ ಅಂದರೆ ಸದಸ್ಯರು ಸಭೆ ಸೇರಿ ಭಾಷಣ ಮಾಡಿ, ಒಬ್ಬರನ್ನೊಬ್ಬರು ತಿದ್ದಿಕೊಂಡು ಮಾತು ಕಲಿಯುವ ಕ್ಲಬ್ಬುಗಳ ಸಂಸ್ಥೆ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಎಂಬಾತ ವೈಎಂಸಿಎ ಕಟ್ಟಡದ ನೆಲಮಾಳಿಗೆಯಲ್ಲಿ ಅದನ್ನು ಹೇಗೆ ಶುರು ಮಾಡಿದ, ಈಗ ಎಷ್ಟು ದೇಶಗಳಲ್ಲಿದೆ ಎಂಬುದನ್ನೆಲ್ಲ ಅವರ ವೆಬ್‌ಸೈಟಿನಲ್ಲೇ ಓದಿಕೊಳ್ಳಬಹುದು. ನಾನು ಬರೆಯುತ್ತಿರುವುದು ಹಾಸ್ಟೆಲ್ಲಿನಲ್ಲಿದ್ದುಕೊಂಡು ಎಂಎಸ್‌ಸಿ ಕೆಮಿಸ್ಟ್ರಿ ಓದುವ, ಸಂಜೆ ಎಸ್ಎಸ್ಎಲ್‌ಸಿ ಮಕ್ಕಳಿಗೆ ಟ್ಯೂಷನ್ ಹೇಳಿ ಫೀಸು ಹೊಂದಿಸುವ ಒಬ್ಬಳ ಲೆಕ್ಕಾಚಾರ. ಕಂಪನಿಯೇ ದುಡ್ಡು ಕಟ್ಟುವ ಐಟಿಯವರಿಗೆ ಈ ವಿಮರ್ಶೆ ಅಷ್ಟಾಗಿ ಅನ್ವಯಿಸುವುದಿಲ್ಲ.

ಮೊದಲು ದುಡ್ಡಿನ ವಿಷಯ ಮುಗಿಸೋಣ. ನಾನು ಕಟ್ಟಿದಾಗ ಆರು ತಿಂಗಳಿಗೆ 60 ಡಾಲರ್, ಹೊಸ ಸದಸ್ಯರಿಗೆ ಒಂದು ಸಲ ಇನ್ನೂ 20 ಡಾಲರ್, ಅದರ ಮೇಲೆ ಕ್ಲಬ್ಬಿನ ಹಾಲ್ ಬಾಡಿಗೆ, ಚಹಾ-ಬಿಸ್ಕತ್ತು. 60 ಡಾಲರ್ ಅಂದರೆ ಐದು ಸಾವಿರ ರೂಪಾಯಿ ದಾಟುತ್ತದೆ. ಏಪ್ರಿಲ್ 1 ಮತ್ತು ಅಕ್ಟೋಬರ್ 1ಕ್ಕೆ ನವೀಕರಣ. ರೂಪಾಯಿ ಬಿದ್ದರೆ ನಮ್ಮ ಫೀಸು ಏರುತ್ತದೆ. ಮೆಸ್ ಬಿಲ್ಲಿಗೆ ಹೋಲಿಸಿ ನೋಡುವವರಿಗೆ ಇದು ಸಣ್ಣ ಮೊತ್ತವಲ್ಲ. ಆದರೆ ಇದಕ್ಕೂ ಮೊದಲು ನಾನು ಒಂದು ‘ಸ್ಪೋಕನ್ ಇಂಗ್ಲಿಷ್ ಮತ್ತು ಪರ್ಸನಾಲಿಟಿ ಡೆವಲಪ್‌ಮೆಂಟ್’ ಸಂಸ್ಥೆಗೆ ಇದಕ್ಕಿಂತ ಹೆಚ್ಚು ಸುರಿದಿದ್ದೆ. ಅಲ್ಲಿ ಕಲಿಸಿದ್ದು ಕನ್ನಡಿ ಮುಂದೆ ನಿಂತು ನಗುವುದನ್ನು. ಅದರ ಬಗ್ಗೆ ಇಷ್ಟು ಸಾಕು.

ನಾನು ಸೇರಿದ್ದು ಸೆಮಿನಾರ್ ಭಯಕ್ಕೆ. ಸ್ಲೈಡಿನಲ್ಲಿ ಬರೆದಿದ್ದನ್ನು ಪರದೆಯತ್ತ ತಿರುಗಿ ಓದುವುದು ನಮ್ಮ ಡಿಪಾರ್ಟ್‌ಮೆಂಟಿನ ರಾಷ್ಟ್ರೀಯ ಕ್ರೀಡೆ. ಕನ್ನಡ ಮಾಧ್ಯಮದಿಂದ ಬಂದ ನಮಗೆ ಪರದೆಯೇ ಆಸರೆ, ಜನರ ಕಡೆ ತಿರುಗಿದರೆ ಇಂಗ್ಲಿಷ್ ಮಾಯ.

ಈಗ ನನಗೆ ತುಂಬಾ ಇಷ್ಟವಾದ ಸಂಗತಿಗೆ ಬರುತ್ತೇನೆ. ಅದು ಭಾಷಣವಲ್ಲ, ಟೈಮರ್. ಸಭೆಯಲ್ಲಿ ಒಬ್ಬರು ಎದುರಿಗೆ ಗಡಿಯಾರ ಹಿಡಿದು ಕೂತಿರುತ್ತಾರೆ. ಮಾಮೂಲಿ ಭಾಷಣಕ್ಕೆ ಐದರಿಂದ ಏಳು ನಿಮಿಷ. ಐದಾದಾಗ ಹಸಿರು ಕಾರ್ಡು, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ಮೊದಲ ಭಾಷಣ ‘ಐಸ್ ಬ್ರೇಕರ್’ಗೆ ನಾಲ್ಕರಿಂದ ಆರು. ಆಶುಭಾಷಣಕ್ಕೆ, ಅಂದರೆ ‘ಟೇಬಲ್ ಟಾಪಿಕ್ಸ್’ಗೆ, ಒಂದರಿಂದ ಎರಡು. ನಮ್ಮೂರಿನ ಸಭೆ ಸಮಾರಂಭಗಳಲ್ಲಿ “ಎರಡೇ ಎರಡು ಮಾತು” ಎಂದು ಮೈಕ್ ಹಿಡಿದವರು ಊಟದ ಹೊತ್ತು ದಾಟಿದರೂ ಇಳಿಯದ್ದನ್ನು ಕಂಡು ಬೆಳೆದ ನನಗೆ, ಡಿಜಿಎಂನಂಥ ದೊಡ್ಡ ಹುದ್ದೆಯವರೂ ಕೆಂಪು ಕಾರ್ಡು ಕಂಡ ಕೂಡಲೇ ತಡಬಡಿಸಿ ಮಾತು ಮುಗಿಸುವುದು ನೋಡಿ ಆದ ಸಂತೋಷ ಅಷ್ಟಿಷ್ಟಲ್ಲ.

ಆ ಕಾರ್ಡುಗಳು ಹಾಸ್ಟೆಲ್ಲಿಗೂ ಬಂದವು. ರಾತ್ರಿ ಊಟ ಆದಮೇಲೆ ರೂಮ್‌ಮೇಟ್ ಮಂಚದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತುತ್ತಾಳೆ. ಹಸಿರಿಗೆ ಅವಳ ಬಾಚಣಿಗೆ, ಹಳದಿಗೆ ಹೈಲೈಟರ್, ಕೆಂಪಿಗೆ ಸ್ನಾನದ ಮಗ್ಗು. ನಾನು ಕ್ರೊಮಟೋಗ್ರಫಿ, ಅಂದರೆ ಮಿಶ್ರಣದಲ್ಲಿರುವುದನ್ನು ಬೇರೆಬೇರೆ ಮಾಡುವ ವಿಧಾನ, ವಿವರಿಸಬೇಕು. ಅವಳು ಇತಿಹಾಸದ ವಿದ್ಯಾರ್ಥಿನಿ, ವಿಜ್ಞಾನ ಬೇಕಿಲ್ಲ. ಅರ್ಥವಾಗದ ಜಾಗದಲ್ಲಿ ಬಾಚಣಿಗೆಯಿಂದಲೇ ಮಂಚ ಕುಟ್ಟುತ್ತಾಳೆ. ಬ್ಲಾಟಿಂಗ್ ಪೇಪರಿನ ಮೇಲೆ ಶಾಯಿ ಹನಿ ಬಿಟ್ಟು ನೀರಿಗೆ ಅದ್ದಿದರೆ ಬಣ್ಣಗಳು ಬೇರೆಬೇರೆ ಎತ್ತರಕ್ಕೆ ಏರುತ್ತವಲ್ಲ, ಅಲ್ಲಿಂದ ಶುರು ಮಾಡಿದ ದಿನ ಮಂಚ ಸುಮ್ಮನಿತ್ತು. ಅದೇ ಆರಂಭವನ್ನು ಸೆಮಿನಾರಿನಲ್ಲೂ ಇಟ್ಟುಕೊಂಡೆ. ಹಿಂದಿನ ಬೆಂಚಿನವರು ಮೊಬೈಲಿನಿಂದ ತಲೆ ಎತ್ತಿದರು. ಮಗ್ಗು ಮೇಲೇಳುವಷ್ಟರಲ್ಲಿ ಮುಗಿಸುವ ಅಭ್ಯಾಸ ಈಗ ಎಷ್ಟು ಅಂಟಿದೆಯೆಂದರೆ, ಮನೆಗೆ ಫೋನ್ ಮಾಡಿದಾಗಲೂ ಅಮ್ಮ “ಯಾಕೆ, ಬ್ಯಾಲೆನ್ಸ್ ಇಲ್ವಾ? ಇಷ್ಟು ಬೇಗ ಮಾತು ಮುಗಿಸ್ತೀಯ?” ಅನ್ನುತ್ತಾರೆ.

‘ಆಹ್ ಕೌಂಟರ್’ ಎಂಬ ಇನ್ನೊಂದು ಪಾತ್ರವಿದೆ. ಯಾರು ಎಷ್ಟು ಸಲ ‘ಆಂ’, ‘ಉಮ್’, ‘ಸೋ’, ‘ಯು ನೋ’ ಅಂದರು ಎಂದು ಗೀಟು ಹಾಕಿ ಕೊನೆಗೆ ಓದಿ ಹೇಳುವುದು ಅವರ ಕೆಲಸ. ನನ್ನ ಹೆಸರಿನ ಮುಂದೆ ‘ಆಕ್ಚುಯಲಿ’ ದಂಡಿಯಾಗಿ ಬಿದ್ದಿದ್ದವು. ಆ ಪಾತ್ರ ನನಗೇ ಬಂದ ವಾರ, ಮಾತಿನ ಸಾರ ತಲೆಗೆ ಹೋಗಲೇ ಇಲ್ಲ, ಬರೀ ಗೀಟು ಎಳೆದೆ. ಆದರೆ ಕಿವಿ ತೆರೆದುಕೊಂಡಿತು. ಈಗ ಬಸ್ಸಿನಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನನ್ನದೇ ರೆಕಾರ್ಡಿಂಗ್ ಕೇಳುತ್ತೇನೆ. ಇನ್ನೊಂದು ಕಿವಿ ಕಂಡಕ್ಟರ್‌ಗೆ. ಕನ್ನಡದಲ್ಲಿ ನನ್ನ ರೋಗ ಬೇರೆ: ‘ಅಂದ್ರೆ’, ‘ಆಮೇಲೆ’, ಎಲ್ಲಕ್ಕಿಂತ ಹೆಚ್ಚಾಗಿ ‘ಇದು… ಇದು’.

ಇಷ್ಟು ಹೊಗಳಿದ ಮೇಲೆ ಕಹಿಯನ್ನೂ ಹೇಳಬೇಕು. ಕೆಲವು ತಿಂಗಳಾದ ಮೇಲೆ ನನಗೆ ಚಪ್ಪಾಳೆ ಸಾಕೆನಿಸಿತು. ವೇದಿಕೆ ಹತ್ತಿದರೆ ಚಪ್ಪಾಳೆ, ಇಳಿದರೆ ಚಪ್ಪಾಳೆ, ಮೊದಲ ಸಲ ಬಂದ ಅತಿಥಿ ಹೆಸರು ಹೇಳಿದರೂ ಚಪ್ಪಾಳೆ. ಪ್ರತಿ ಭಾಷಣಕ್ಕೂ ಒಬ್ಬ ಮೌಲ್ಯಮಾಪಕರಿರುತ್ತಾರೆ, ಎರಡರಿಂದ ಮೂರು ನಿಮಿಷ ಅವರ ಪಾಲು. ಮೊದಲು ಮೆಚ್ಚುಗೆ, ನಡುವೆ ಸಲಹೆ, ಕೊನೆಗೆ ಮತ್ತೆ ಮೆಚ್ಚುಗೆ ಎಂಬ ಸ್ಯಾಂಡ್‌ವಿಚ್ ಪದ್ಧತಿಯನ್ನು ಬಹಳ ಮಂದಿ ಹಿಡಿಯುತ್ತಾರೆ. ಹೆದರುವವರಿಗೆ ಇದು ಒಳ್ಳೆಯದು, ಒಪ್ಪುತ್ತೇನೆ. ಆದರೆ ಮೇಲೊಂದು ಕೆಳಗೊಂದು ಬ್ರೆಡ್ಡು ದಪ್ಪವಾಗುತ್ತ ಹೋಗಿ ನಡುವಿನ ಪಲ್ಯ ನಾಲಿಗೆಗೇ ಸಿಗದಿದ್ದರೆ? “ಇನ್ನಷ್ಟು ಕೈ ಬಳಸಬಹುದಿತ್ತು” ಎಂಬ ಸಲಹೆಯನ್ನು ನಾನು ಎಷ್ಟು ಜನರಿಂದ ಕೇಳಿದೆನೋ. ನನ್ನ ಕೈಗೆ ಏನೂ ಆಗಿರಲಿಲ್ಲ.

ಇನ್ನೂ ದೊಡ್ಡ ತಕರಾರು ಆ ವಿಶಿಷ್ಟ ದನಿಯದು. ವೇದಿಕೆಗೆ ಬಂದು, ಎರಡು ಕ್ಷಣ ಮೌನ, ಸಭೆಯನ್ನೊಮ್ಮೆ ನೋಡಿ, “ಕಲ್ಪಿಸಿಕೊಳ್ಳಿ…” ಎಂದು ಶುರು. ಸ್ಪರ್ಧೆ ಗೆಲ್ಲುವ ಭಾಷಣಗಳನ್ನು ನೋಡಿ ನೋಡಿ ಎಲ್ಲರಿಗೂ ಅದು ಅಂಟುತ್ತದೆ. ಡಿಪಾರ್ಟ್‌ಮೆಂಟಿನಲ್ಲಿ ನಡೆದ ಅಣಕು ಸಂದರ್ಶನದಲ್ಲಿ “ನಿಮ್ಮ ಬಗ್ಗೆ ಹೇಳಿ” ಎಂಬ ಪ್ರಶ್ನೆಗೆ ನನ್ನ ಬಾಯಿಂದ ಬಂದಿದ್ದೂ ಅದೇ ದನಿ. ಹಳ್ಳಿ, ಸೀಮೆಎಣ್ಣೆ ದೀಪ, ಕನಸು. ನಮ್ಮ ಮೇಷ್ಟ್ರು ಕನ್ನಡಕ ಕೆಳಗಿಳಿಸಿ, “ಭಾಷಣ ಚೆನ್ನಾಗಿದೆಯಮ್ಮ, ಉತ್ತರ ಎಲ್ಲಿ?” ಅಂದರು. ನಮ್ಮ ಮನೆಯಲ್ಲಿ ಕರೆಂಟು ಇದೆ, ಆ ದೀಪ ಎಲ್ಲಿಂದ ಬಂತೋ. ಏಳು ನಿಮಿಷದ ಅಳತೆಗೆ ಪಳಗಿದ ನಾಲಿಗೆ ಮೂವತ್ತು ಸೆಕೆಂಡಿನ ಉತ್ತರಕ್ಕೆ ಬಗ್ಗುವುದಿಲ್ಲ. ಆಫೀಸಿನಲ್ಲಿ ಏಳು ನಿಮಿಷ ಯಾರು ಕೊಡುತ್ತಾರೆ? ಆ ತಿಂಗಳು ಸದಸ್ಯತ್ವ ಬಿಟ್ಟುಬಿಡುವ ಮನಸ್ಸಾಗಿತ್ತು.

ಬಿಡದಿರಲು ಕಾರಣ ಟೇಬಲ್ ಟಾಪಿಕ್ಸ್. ವಿಷಯ ಮೊದಲೇ ಗೊತ್ತಿರುವುದಿಲ್ಲ. ಹೆಸರು ಕೂಗುತ್ತಾರೆ, ಪ್ರಶ್ನೆ ಕೊಡುತ್ತಾರೆ, ಎದ್ದು ನಡೆದುಹೋಗುವಷ್ಟೇ ಯೋಚನೆಗೆ ಸಮಯ. ಅಲ್ಲಿ ನಾಟಕಕ್ಕೆ ಜಾಗವಿಲ್ಲ. ಮೊದಲ ವಾಕ್ಯದಲ್ಲೇ ಉತ್ತರ, ಆಮೇಲೆ ಒಂದು ಕಾರಣ, ಒಂದು ಉದಾಹರಣೆ, ಹಸಿರು ಕಂಡರೆ ಕೂತುಕೊಳ್ಳುವುದು: ಇದನ್ನು ನಾನೇ ನಿಯಮ ಮಾಡಿಕೊಂಡೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಇದರಷ್ಟು ಉಪಯೋಗಕ್ಕೆ ಬಂದಿದ್ದು ಇನ್ನೊಂದಿಲ್ಲ. ಗೊತ್ತಿಲ್ಲದ ಪ್ರಶ್ನೆಗೆ “ಇದು ಗೊತ್ತಿಲ್ಲ ಸರ್, ಇಲ್ಲಿವರೆಗೆ ಗೊತ್ತು” ಎಂದು ಗಟ್ಟಿಯಾಗಿ ಹೇಳಲು ಬಂತು.

ಎರಡನೆಯ ಕಾರಣ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಅಂಕಲ್. ಅವರಿಗೆ ಸ್ಯಾಂಡ್‌ವಿಚ್ ಗೊತ್ತಿಲ್ಲ. ನನ್ನ ಭಾಷಣದ ಮೌಲ್ಯಮಾಪನಕ್ಕೆ ಎದ್ದು, ವಾಕ್ಯದ ಕೊನೆಯ ಎರಡು ಪದಗಳನ್ನು ನಾನು ನುಂಗುತ್ತೇನೆಂದು ನೇರವಾಗಿ ಹೇಳಿದರು. ಚಹಾ ಹೊತ್ತಿನಲ್ಲಿ ಕನ್ನಡದಲ್ಲಿ ಬಿಡಿಸಿದರು: “ಇಂಗ್ಲಿಷಿನಲ್ಲಾದರೂ ತೊಂದರೆ ಕಡಿಮೆ ಮಗಾ. ಕನ್ನಡದಲ್ಲಿ ಕ್ರಿಯಾಪದ ಇರೋದೇ ಕೊನೇಲಿ. ‘ವರದಿ ಕೊಟ್ಟಿದ್ದೇನೆ’ ಅಂದ್ಯೋ, ‘ಕೊಟ್ಟಿಲ್ಲ’ ಅಂದ್ಯೋ, ಕೇಳೋನಿಗೆ ಹೇಗೆ ಗೊತ್ತಾಗಬೇಕು?” ರಾಜ್ಯೋತ್ಸವದ ದಿನ ಡಿಪಾರ್ಟ್‌ಮೆಂಟಿನಲ್ಲಿ ನಿರೂಪಣೆ ಮಾಡುವಾಗ ಪ್ರತಿ ವಾಕ್ಯದ ಬಾಲ ಎತ್ತಿಹಿಡಿದೆ. ಹಿಂದಿನ ಸಾಲಿನವರು ಆ ಸಲ “ಕೇಳಿಸ್ತಿಲ್ಲಾ” ಎಂದು ಕೂಗಲಿಲ್ಲ. ನನ್ನ ಮಟ್ಟಿಗೆ ಆರು ತಿಂಗಳ ಫೀಸು ಆ ಒಂದು ಚಹಾಕ್ಕೆ ಸಂದಾಯವಾಯಿತು.

ಪಾಠಕ್ರಮದ ಹೆಸರು ‘ಪಾಥ್‌ವೇಸ್’, ಆನ್‌ಲೈನಿನಲ್ಲಿರುತ್ತದೆ, ಐದು ಹಂತ. ನಾನು ಹಿಡಿದಿದ್ದು ‘ಪ್ರೆಸೆಂಟೇಷನ್ ಮಾಸ್ಟರಿ’. ವೆಬ್‌ಸೈಟ್ ನನ್ನ ಹಳೆಯ ಫೋನಿನಲ್ಲಿ ತೆವಳುತ್ತದೆ, ಲ್ಯಾಬಿನ ಕಂಪ್ಯೂಟರೇ ಗತಿ. ಮೊದಲ ಹಂತದಲ್ಲಿ ಒಂದು ಒಳ್ಳೆಯ ಅಭ್ಯಾಸವಿದೆ: ಒಂದು ಭಾಷಣ ಮಾಡಿ, ಬಂದ ಸಲಹೆಗಳನ್ನು ಅಳವಡಿಸಿಕೊಂಡು ಮತ್ತೊಂದು ಮಾಡಿ, ಆಮೇಲೆ ಬೇರೊಬ್ಬರ ಭಾಷಣವನ್ನು ನೀವೇ ಮೌಲ್ಯಮಾಪನ ಮಾಡಬೇಕು. ಪಾಠಗಳು ತಮಿಳಿನಲ್ಲಿವೆ, ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಸಭೆಯನ್ನು ಯಾವ ಭಾಷೆಯಲ್ಲಾದರೂ ನಡೆಸಬಹುದು. ಹಾಗಿದ್ದೂ ಕನ್ನಡದಲ್ಲಿ ಮಾತಾಡುತ್ತೇನೆಂದಾಗ ಸಹ ಸದಸ್ಯರು “ಓ, ವೆರಿ ನೈಸ್” ಅನ್ನುವ ರೀತಿಯೇ ಬೇರೆ.

ವೃತ್ತಿಪರ ಸಂವಹನ ಎಂದು ಬಯೋಡೇಟಾದಲ್ಲಿ ಬರೆದುಕೊಳ್ಳುವ ಗುಣ ನನಗೆ ಸ್ವಲ್ಪವಾದರೂ ಬಂದಿದ್ದರೆ, ಅದು ಭಾಷಣದಿಂದಲ್ಲ. ವಾರದ ಸಭೆ ನಡೆಸಿಕೊಡುವವರು ಮೊದಲೇ ಅಜೆಂಡಾ ತಯಾರಿಸಬೇಕು. ಯಾರು ಮಾತಾಡುತ್ತಾರೆ, ಶೀರ್ಷಿಕೆ ಏನು, ಎಷ್ಟು ನಿಮಿಷ, ಮೌಲ್ಯಮಾಪಕರು ಯಾರು, ಎಲ್ಲವನ್ನೂ ಬರೆದು ಕೇಳಿ ಪಡೆಯಬೇಕು. ನಾನು ಮೇಲ್ ಬರೆಯಲು ಕೂತಾಗ ಕೈಗೆ ಬಂದಿದ್ದು ಹೈಸ್ಕೂಲಿನ ರಜಾ ಅರ್ಜಿ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬುದರ ಇಂಗ್ಲಿಷ್ ಅವತಾರ. ಯಾರೂ ಉತ್ತರಿಸಲಿಲ್ಲ. ಆಮೇಲೆ ವಿಷಯದ ಸಾಲಿನಲ್ಲೇ ‘ಶನಿವಾರದ ಭಾಷಣ: ಶೀರ್ಷಿಕೆ ಗುರುವಾರದೊಳಗೆ ಬೇಕು’ ಎಂದು ಹಾಕಿ, ಒಳಗೆ ಮೂರು ಸಾಲು ಬರೆದೆ. ಅಂದೇ ಸಂಜೆ ಉತ್ತರ. ನನ್ನಪ್ಪನ ವಯಸ್ಸಿನವರಿಗೆ ಫೋನ್ ಮಾಡಿ “ಸರ್, ನಿಮ್ಮ ಶೀರ್ಷಿಕೆ ಇನ್ನೂ ಬಂದಿಲ್ಲ” ಎಂದು ಮುಜುಗರವಿಲ್ಲದೆ ಕೇಳುವುದು, ಕೊನೇ ಗಳಿಗೆಯಲ್ಲಿ ಒಬ್ಬರು ಕೈಕೊಟ್ಟರೆ ಇನ್ನೊಬ್ಬರನ್ನು ಒಪ್ಪಿಸುವುದು, ಇವನ್ನು ಯಾವ ತರಗತಿಯೂ ಕಲಿಸಿರಲಿಲ್ಲ. ಈಗ ಗೈಡ್‌ಗೆ ಬರೆಯುವ ಮೇಲ್‌ಗೂ ಅದೇ ಅಳತೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಫೀಸು ರೂಪಾಯಿಯಲ್ಲಿದ್ದು ವಿದ್ಯಾರ್ಥಿಗಳಿಗೆ ಅರ್ಧವಾಗಿದ್ದರೆ ನಾಲ್ಕೂವರೆ. 18 ತುಂಬಿದವರು ಸೇರಬಹುದು. ಸಾಮಾನ್ಯವಾಗಿ ಅತಿಥಿಯಾಗಿ ಹೋಗಲು ದುಡ್ಡಿಲ್ಲ, ಆದ್ದರಿಂದ ಊರಿನಲ್ಲಿ ಎರಡು ಮೂರು ಕ್ಲಬ್ಬಿದ್ದರೆ ಎಲ್ಲಕ್ಕೂ ಒಮ್ಮೆ ಹೋಗಿ ಬನ್ನಿ. ವೇದಿಕೆಯತ್ತ ನೋಡಬೇಡಿ, ಮೌಲ್ಯಮಾಪಕರು ಏನು ಹೇಳುತ್ತಾರೆಂದು ಕೇಳಿ. ನಿರ್ದಿಷ್ಟವಾಗಿ ಒಂದು ತಪ್ಪು ಹಿಡಿದು ಹೇಳುವವರು ಒಬ್ಬರಾದರೂ ಇದ್ದರೆ ಅಲ್ಲಿ ಕಾಸು ಕಟ್ಟಿ. ಎಲ್ಲರೂ “ಫೆಂಟಾಸ್ಟಿಕ್” ಅನ್ನುವ ಜಾಗವಾದರೆ ಚಹಾ ಕುಡಿದು ಎದ್ದು ಬನ್ನಿ.