ಮೂರು ವರ್ಷ ಬಳಸಿದ ವೈಫೈ ರೂಟರ್, ಅದಕ್ಕಿಂತ ಮೊದಲೇ ಸೋತ ಅಡಾಪ್ಟರ್

ದಾವಣಗೆರೆಯ ಕೆ.ಟಿ.ಜೆ. ನಗರದ ನಮ್ಮ ಮನೆಯಲ್ಲಿ ಈ ರೂಟರ್ ಮೂರು ವರ್ಷ ಎರಡು ತಿಂಗಳಿನಿಂದ ಹಗಲಿರುಳು ಚಾಲನೆಯಲ್ಲಿದೆ. 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಕೆಲಸ ಮಾಡುವ, ನಾಲ್ಕು ಆಂಟೆನಾಗಳಿರುವ, ಎರಡೂವರೆ ಸಾವಿರ ರೂಪಾಯಿಯೊಳಗೆ ಸಿಕ್ಕ ಸಾಧಾರಣ ದರ್ಜೆಯ ಸಾಧನ ಇದು. ಮಾದರಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಈ ದರದ ಬಹುತೇಕ ರೂಟರ್‌ಗಳು ಒಂದೇ ಬಗೆಯವು, ನಾನು ಅನುಭವಿಸಿದ ತೊಂದರೆಯೂ ಯಾವ ಹೆಸರಿನ ಪೆಟ್ಟಿಗೆಯಲ್ಲಾದರೂ ಬರಬಹುದಾದದ್ದೇ. ಮಂಡಿಪೇಟೆಯ ಕೆಲವು ವರ್ತಕರ ಲೆಕ್ಕಪತ್ರಗಳನ್ನು ನಾನು ಮನೆಯಿಂದಲೇ ನೋಡಿಕೊಳ್ಳುತ್ತೇನೆ. ಮಗಳು ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ವಾರದಲ್ಲಿ ಮೂರು ದಿನ ಮಹಡಿಯ ಕೋಣೆಯಲ್ಲಿ ಕುಳಿತು ಮಾಡುತ್ತಾಳೆ. ನನ್ನ ತಾಯಿಗೆ ಸಂಜೆ ಏಳರ ನಂತರ ಟಿವಿ ಬೇಕು, ಆ ಟಿವಿಗೂ ಈಗ ಇಂಟರ್ನೆಟ್ಟೇ ಬೇಕು.

ಮೊದಲ ಎರಡು ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಪೆಟ್ಟಿಗೆ ಷೋಕೇಸಿನ ಮೇಲೆ ಕುಳಿತಿತ್ತು, ನೂರು ಎಂಬಿಪಿಎಸ್‌ನ ಯೋಜನೆಯಲ್ಲಿ ಹಾಲ್‌ನೊಳಗೆ ತೊಂಬತ್ತರ ಮೇಲೆಯೇ ವೇಗ ಸಿಗುತ್ತಿತ್ತು, ಕಲ್ಲಿನ ಗೋಡೆ ದಾಟಿದ ಹಿಂದಿನ ಕೋಣೆಯಲ್ಲಿ ಅದು ಮೂವತ್ತಕ್ಕೆ ಇಳಿಯುತ್ತಿತ್ತು. ಅಷ್ಟಕ್ಕೆ ನಾವು ಹೊಂದಿಕೊಂಡಿದ್ದೆವು.

ತೊಂದರೆ ಕಾಣಿಸಿಕೊಂಡದ್ದು ಮೂರನೆಯ ವರ್ಷದ ಬೇಸಿಗೆಯಲ್ಲಿ. ಆರಂಭದಲ್ಲಿ ದಿನಕ್ಕೊಮ್ಮೆ ಸಂಪರ್ಕ ಹೋಗಿ ಎರಡು ನಿಮಿಷಗಳಲ್ಲಿ ಮರಳುತ್ತಿತ್ತು. ಏಪ್ರಿಲ್ ಹೊತ್ತಿಗೆ ದಿನಕ್ಕೆ ಎಂಟು ಹತ್ತು ಬಾರಿ ಹೋಗತೊಡಗಿತು. ವರ್ತಕರು ತಿಂಗಳಿಗೊಮ್ಮೆ ಕೊಡುವ ಜಿಎಸ್‌ಟಿ ಲೆಕ್ಕದ ವಿವರವಾದ ಜಿಎಸ್‌ಟಿಆರ್-3ಬಿ ಸಲ್ಲಿಸಲು 20ನೇ ತಾರೀಖು ಕಡೆಯ ದಿನ ಎಂಬುದು ಲೆಕ್ಕದ ಕೆಲಸದವರಿಗೆಲ್ಲ ಗೊತ್ತು. ಆ ದಿನ ವರ್ತಕರ ಮೊಬೈಲಿಗೆ ಓಟಿಪಿ ಬಂದು, ಅವರು ಫೋನಿನಲ್ಲಿ ಅಂಕಿಗಳನ್ನು ಓದಿ ಹೇಳುತ್ತಿರುವಾಗಲೇ ಪರದೆಯ ಮೇಲೆ ಚಕ್ರ ತಿರುಗಲು ಶುರುವಾದರೆ ಆಗುವ ಮುಜುಗರ ಸಣ್ಣದಲ್ಲ. ಒಳಗಿನಿಂದ ತಾಯಿ “ನೆಟ್ ಹೋತು ನೋಡಪ್ಪ” ಎಂದು ಕೂಗುವುದು ಮನೆಯ ದಿನಚರಿಯೇ ಆಯಿತು.

ನಾನು ಮಾಡಿದ ಮೊದಲ ತಪ್ಪನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಸಂಪರ್ಕ ಕೊಟ್ಟವರ ಸಹಾಯವಾಣಿಯವರು ರೂಟರನ್ನು ರೀಸೆಟ್ ಮಾಡಿ ನೋಡಿ ಎಂದ ಕೂಡಲೇ, ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ ಹತ್ತು ಸೆಕೆಂಡು ಹಿಡಿದುಬಿಟ್ಟೆ. ಆರಿಸಿ ಹಚ್ಚುವುದು ಬೇರೆ, ಹೀಗೆ ರೀಸೆಟ್ ಮಾಡುವುದು ಬೇರೆ. ರೀಸೆಟ್ ಮಾಡಿದರೆ ಪೆಟ್ಟಿಗೆ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ, ಅದರಲ್ಲಿ ಬರೆದಿಟ್ಟ ಪಿಪಿಪಿಒಇ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್, ಅಂದರೆ ಸಂಪರ್ಕ ಕೊಟ್ಟವರ ಜಾಲದೊಳಗೆ ಪ್ರವೇಶಿಸಲು ರೂಟರಿಗೆ ಬೇಕಾದ ಗುರುತು, ಅಳಿಸಿಹೋಗುತ್ತವೆ. ಅವು ನನ್ನ ಬಳಿ ಎಲ್ಲಿಯೂ ಇರಲಿಲ್ಲ. ಅವನ್ನು ಮತ್ತೆ ಪಡೆಯಲು ಒಂದೂವರೆ ದಿನ ಹಿಡಿಯಿತು, ಆ ಅವಧಿಯಲ್ಲಿ ಇದ್ದ ಅರೆಬರೆ ಸಂಪರ್ಕವೂ ಇಲ್ಲದಾಯಿತು. ಕಡಿತಗಳಂತೂ ಮೊದಲಿನಂತೆಯೇ ಮುಂದುವರಿದವು. ಈಗ ಆ ಎರಡು ಪದಗಳನ್ನು ಒಂದು ಚೀಟಿಯಲ್ಲಿ ಬರೆದು ವಿದ್ಯುತ್ ಬಿಲ್ಲುಗಳ ಫೈಲಿನಲ್ಲಿ ಸೇರಿಸಿದ್ದೇನೆ.

ನಂತರ ದುರಸ್ತಿಗೆ ಬಂದ ಹುಡುಗ ಐದು ನಿಮಿಷ ನೋಡಿ, “ಸಾರ್, ನಿಮ್ಮ ರೂಟರ್ ಹೋಗಿದೆ, ಬೇರೆ ಹಾಕಿಸಿಬಿಡಿ” ಎಂದ. ಆ ಸಲಹೆಯನ್ನು ಅಂದೇ ಪಾಲಿಸಿದ್ದರೆ ಎರಡೂವರೆ ಸಾವಿರ ಖರ್ಚಾಗಿ, ತೊಂದರೆಯ ಒಂದು ಭಾಗ ಮಾತ್ರ ಹೋಗಿರುತ್ತಿತ್ತು. ಅದೂ ಹೊಸ ಪೆಟ್ಟಿಗೆಯಿಂದಲ್ಲ, ಅದರೊಂದಿಗೆ ಬರುವ ಹೊಸ ಅಡಾಪ್ಟರಿನಿಂದ. ಇದು ನನಗೆ ತಿಳಿದದ್ದು ಒಂದು ತಿಂಗಳ ಬಳಿಕ.

ಲೆಕ್ಕದವನ ಅಭ್ಯಾಸದಂತೆ ನೋಟ್‌ಬುಕ್ಕೊಂದನ್ನು ತೆರೆದು, ಪ್ರತಿ ಕಡಿತದ ವೇಳೆ, ಎಷ್ಟು ಹೊತ್ತು ಹೋಗಿತ್ತು, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಬರೆಯತೊಡಗಿದೆ. ಮೂರನೆಯ ದಿನಕ್ಕೆ ಒಂದು ವ್ಯತ್ಯಾಸ ಕಣ್ಣಿಗೆ ಬಿತ್ತು. ಕೆಲವೊಮ್ಮೆ ಫೋನಿನಲ್ಲಿ ವೈಫೈ ಚಿಹ್ನೆ ಪೂರ್ತಿಯಾಗಿಯೇ ಇರುತ್ತಿತ್ತು, ಇಂಟರ್ನೆಟ್ ಮಾತ್ರ ಇರುತ್ತಿರಲಿಲ್ಲ. ಇನ್ನು ಕೆಲವೊಮ್ಮೆ ನಮ್ಮ ವೈಫೈ ಹೆಸರೇ ಪಟ್ಟಿಯಿಂದ ಮಾಯವಾಗುತ್ತಿತ್ತು. ನಾವು ಮನೆಮಂದಿಯೆಲ್ಲ ಎರಡಕ್ಕೂ “ನೆಟ್ ಹೋಯಿತು” ಎಂಬ ಒಂದೇ ಮಾತನ್ನು ಬಳಸುತ್ತಿದ್ದೆವು. ವೈಫೈ ಚಿಹ್ನೆ ಹೇಳುವುದು ಫೋನಿನಿಂದ ರೂಟರಿನವರೆಗಿನ ಸಂಗತಿಯನ್ನಷ್ಟೇ. ರೂಟರಿನಿಂದ ಆಚೆಗೆ ಏನಾಗಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಆದ್ದರಿಂದ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ನೇರವಾಗಿ ರೂಟರಿಗೆ ಸೇರಿಸಿ, ಆದೇಶ ಬರೆಯುವ ಎರಡು ಕಪ್ಪು ಕಿಟಕಿಗಳಲ್ಲಿ ಪಿಂಗ್ ಆದೇಶವನ್ನು, ಅಂದರೆ ಒಂದು ವಿಳಾಸವನ್ನು ಕೂಗಿ ಉತ್ತರ ಬರುತ್ತದೆಯೇ ಎಂದು ನೋಡುವ ಆದೇಶವನ್ನು, ನಿಲ್ಲದಂತೆ ಓಡಿಸಿದೆ. ಒಂದರಲ್ಲಿ ರೂಟರಿನ ಸ್ವಂತ ವಿಳಾಸ. ನಮ್ಮದರಲ್ಲಿ ಅದು 192.168.0.1, ಬೇರೆಯವರಲ್ಲಿ 192.168.1.1 ಇರಬಹುದು, ಪೆಟ್ಟಿಗೆಯ ತಳದ ಚೀಟಿಯಲ್ಲಿ ಬರೆದಿರುತ್ತದೆ. ಇನ್ನೊಂದರಲ್ಲಿ 8.8.8.8, ಅಂದರೆ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಸರ್ವರ್. ಜಾಲತಾಣದ ಹೆಸರಿನ ಬದಲು ಅಂಕಿಯ ವಿಳಾಸವನ್ನೇ ಕೊಡುವುದರಲ್ಲಿ ಒಂದು ಉಪಯೋಗವಿದೆ: ಹೆಸರನ್ನು ಅಂಕಿಗೆ ಬದಲಿಸುವ ಡಿಎನ್‌ಎಸ್ ಕೆಟ್ಟಿದ್ದರೂ ಈ ಪರೀಕ್ಷೆ ದಾರಿ ತಪ್ಪುವುದಿಲ್ಲ. ಎರಡೂ ಕಿಟಕಿಗಳಲ್ಲಿ ಉತ್ತರ ನಿಂತರೆ ದೋಷ ರೂಟರಿನಲ್ಲಿ ಅಥವಾ ಅದಕ್ಕೆ ಬರುವ ವಿದ್ಯುತ್ತಿನಲ್ಲಿ. ಮೊದಲನೆಯದು ಓಡುತ್ತಿದ್ದು ಎರಡನೆಯದು ಮಾತ್ರ ನಿಂತರೆ ದೋಷ ಹೊರಗಿನ ಸಂಪರ್ಕದಲ್ಲಿ. ಎರಡೂ ಸರಿಯಾಗಿ ಓಡುತ್ತಿರುವಾಗಲೇ ಮನೆಯಲ್ಲಿ ಫೋನು ಹಿಡಿದವರು ನೆಟ್ ಇಲ್ಲ ಎಂದು ದೂರಿದರೆ ದೋಷ ಗಾಳಿಯಲ್ಲಿ, ಅಂದರೆ ವೈಫೈ ತರಂಗದಲ್ಲಿ.

ನಮ್ಮ ಮನೆಯಲ್ಲಿ ಮೂರೂ ಇದ್ದವು. ಒಂದೇ ಕಾರಣವನ್ನು ಹುಡುಕುತ್ತ ಕುಳಿತವನಿಗೆ ಇಷ್ಟು ದಿನ ಏನೂ ಸಿಗದಿದ್ದುದು ಅದರಿಂದಲೇ.

ಹೆಚ್ಚಿನ ಕಡಿತಗಳಲ್ಲಿ ಎರಡೂ ಕಿಟಕಿಗಳು ಒಟ್ಟಿಗೆ ನಿಂತು, ಸುಮಾರು ಒಂದೂವರೆ ನಿಮಿಷದ ಬಳಿಕ ಮೊದಲು ರೂಟರ್, ಆಮೇಲೆ ಹೊರಗಿನ ವಿಳಾಸ ಉತ್ತರಿಸುತ್ತಿದ್ದವು. ರೂಟರಿನ ಪುಟ ತೆರೆದು ನೋಡಿದರೆ ಅದು ಎಷ್ಟು ಹೊತ್ತಿನಿಂದ ಚಾಲನೆಯಲ್ಲಿದೆ ಎಂಬ ಲೆಕ್ಕ ಎರಡು ನಿಮಿಷ ಎಂದು ತೋರಿಸುತ್ತಿತ್ತು. ಯಾರೂ ಮುಟ್ಟದಿದ್ದರೂ ಪೆಟ್ಟಿಗೆ ತಾನಾಗಿ ಆರಿ ಹೊತ್ತಿಕೊಳ್ಳುತ್ತಿತ್ತು ಎಂಬುದು ಇದರಿಂದ ಖಚಿತವಾಯಿತು. ನೋಟ್‌ಬುಕ್ಕಿನಲ್ಲಿ ಅಂಥ ಕಡಿತಗಳ ಎದುರಿಗೆ ಎರಡು ಮಾತುಗಳು ಮತ್ತೆ ಮತ್ತೆ ಬಂದಿದ್ದವು: ಕರೆಂಟ್ ಹೋಗಿ ಯುಪಿಎಸ್‌ಗೆ ಬದಲಾದ ಕ್ಷಣ, ಮತ್ತು ಮಗಳು ವಿಡಿಯೊ ಸಭೆಯಲ್ಲಿದ್ದ ಹೊತ್ತು. ಒಂದಕ್ಕೊಂದು ಸಂಬಂಧವಿಲ್ಲವೆಂದು ತೋರುವ ಇವೆರಡನ್ನೂ ಜೋಡಿಸುವ ವಸ್ತು ಅಡಾಪ್ಟರ್ ಒಂದೇ.

ಅಡಾಪ್ಟರ್ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಮಲ್ಟಿಮೀಟರ್ ಇಟ್ಟು ನೋಡಿದರೆ 12.2 ವೋಲ್ಟ್ ತೋರಿಸಿ ನನ್ನನ್ನು ಒಂದು ವಾರ ದಾರಿ ತಪ್ಪಿಸಿತು. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಇದನ್ನು ಕೇಳಿ ನಕ್ಕು, “ಖಾಲಿ ಗಾಡಿ ಯಾರು ಬೇಕಾದರೂ ಎಳೀತಾರೆ ಸಾರ್, ಮೂಟೆ ಹೇರಿ ನೋಡ್ರಿ” ಎಂದು, ಬೈಕಿನ ಇಂಡಿಕೇಟರಿನ 12 ವೋಲ್ಟ್, 10 ವ್ಯಾಟ್ ಬಲ್ಬೊಂದನ್ನು ಅದಕ್ಕೆ ಹಚ್ಚಿದರು. ಆ ಬಲ್ಬು ಸುಮಾರು 0.83 ಆಂಪಿಯರ್ ಎಳೆಯುತ್ತದೆ. ಒಂದು ಆಂಪಿಯರ್ ಎಂದು ಬರೆದುಕೊಂಡ ಅಡಾಪ್ಟರಿಗೆ ಅದು ಭಾರವಾಗಬಾರದು. ಆದರೆ ಮೀಟರಿನ ಅಂಕಿ ಹತ್ತರ ಕೆಳಗೆ ಇಳಿದು ಕುಣಿಯತೊಡಗಿತು. ಇಂಥ ಅಡಾಪ್ಟರುಗಳೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಶಾಖಕ್ಕೆ ವರ್ಷಾನುಗಟ್ಟಲೆ ಒಡ್ಡಿಕೊಂಡರೆ ಒಳಗಿನ ದ್ರವ ಆರುತ್ತದೆ, ವಿದ್ಯುತ್ತನ್ನು ಹಿಡಿದಿಡುವ ಶಕ್ತಿ ಕುಗ್ಗುತ್ತದೆ. ಕರೆಂಟಿನಿಂದ ಯುಪಿಎಸ್‌ಗೆ ಬದಲಾಗುವ, ಫ್ಯಾನು ನಿಧಾನವಾಗುವಷ್ಟೂ ಉದ್ದವಿಲ್ಲದ ಆ ಅಂತರವನ್ನು ಹೊಸ ಅಡಾಪ್ಟರ್ ತನ್ನೊಳಗಿನ ಸಂಗ್ರಹದಿಂದಲೇ ದಾಟಿಸುತ್ತದೆ, ಹಳೆಯದು ದಾಟಿಸಲಾರದು. ಹಾಗೆಯೇ ಎಲ್ಲರೂ ಒಟ್ಟಿಗೆ ಬಳಸಿ ರೂಟರ್ ಹೆಚ್ಚು ವಿದ್ಯುತ್ ಕೇಳಿದಾಗಲೂ ವೋಲ್ಟೇಜ್ ಕುಸಿದು ಪೆಟ್ಟಿಗೆ ಆರುತ್ತದೆ. ನಮ್ಮ ಷೋಕೇಸು ಪಶ್ಚಿಮದ ಗೋಡೆಗೆ ಒರಗಿದ್ದು, ಏಪ್ರಿಲ್ಲಿನ ಸಂಜೆಯ ಬಿಸಿಲು ನೇರ ಅಲ್ಲಿಗೇ ಬೀಳುತ್ತಿತ್ತು ಎಂಬುದನ್ನೂ ಇಲ್ಲಿ ಸೇರಿಸಬೇಕು.

ಅಶೋಕ ರಸ್ತೆಯ ಅಂಗಡಿಯಲ್ಲಿ ಇನ್ನೂರ ಎಂಬತ್ತು ರೂಪಾಯಿಗೆ 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ತಂದೆ. ವೋಲ್ಟ್ ಕಡ್ಡಾಯವಾಗಿ ಅಷ್ಟೇ ಇರಬೇಕು. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಏಕೆಂದರೆ ರೂಟರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಪಿನ್ನಿನ ಒಳಭಾಗ ಧನವೋ ಋಣವೋ ಎಂಬ ಚಿಹ್ನೆಯನ್ನೂ ಹಳೆಯದರೊಂದಿಗೆ ಹೋಲಿಸಿ ನೋಡಬೇಕು. ಅಡಾಪ್ಟರ್ ಬದಲಾದ ವಾರದಲ್ಲಿ ಕಡಿತಗಳು ದಿನಕ್ಕೆ ಮೂರಕ್ಕೆ ಇಳಿದವು.

ಉಳಿದ ಮೂರರಲ್ಲಿ ರೂಟರ್ ಉತ್ತರಿಸುತ್ತಿತ್ತು, ಹೊರಗಿನ ವಿಳಾಸ ಉತ್ತರಿಸುತ್ತಿರಲಿಲ್ಲ. ಫೈಬರ್ ಕೇಬಲ್ ಬಂದು ಸೇರುವ ಓಎನ್‌ಟಿ ಎಂಬ ಇನ್ನೊಂದು ಪೆಟ್ಟಿಗೆಯಲ್ಲಿ ಆ ಹೊತ್ತಿಗೆ ಎಲ್‌ಓಎಸ್ (ಫೈಬರಿನ ಸಂಕೇತ ಸಿಗುತ್ತಿಲ್ಲ) ಎಂದು ಬರೆದ ದೀಪ ಕೆಂಪಗೆ ಮಿನುಗುತ್ತಿತ್ತು. ಅದರ ಪುಟದಲ್ಲಿ ಬೆಳಕಿನ ಬಲ ಮೈನಸ್ 28 ಡಿಬಿಎಂ ಎಂದಿತ್ತು. ಡಿಬಿಎಂ ಎಂಬುದು ಸಂಕೇತದ ಬಲದ ಅಳತೆ, ಮೈನಸ್‌ನ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮನೆಗಳಿಗೆ ಬರುವ ಜಿಪಾನ್ ಎಂಬ ಬಗೆಯ ಫೈಬರ್ ಸಂಪರ್ಕದಲ್ಲಿ ಇದು ಸಾಮಾನ್ಯವಾಗಿ ಮೈನಸ್ 8ರಿಂದ ಮೈನಸ್ 27ರ ನಡುವೆ ಇರಬೇಕು. ನಮ್ಮದು ಅಂಚಿನಿಂದಾಚೆ ಜಾರಿತ್ತು. ಈ ಅಂಕಿಯನ್ನು ಬರೆದುಕೊಂಡು ದೂರು ಕೊಟ್ಟ ಮೇಲೆ ಸಹಾಯವಾಣಿಯವರ ಧಾಟಿ ಬದಲಾಯಿತು, ಮರುದಿನವೇ ಮೀಟರ್ ಹಿಡಿದ ಅನುಭವಿ ತಂತ್ರಜ್ಞರೊಬ್ಬರು ಬಂದರು. ಯುಗಾದಿಗೆ ಸುಣ್ಣಬಣ್ಣ ಮಾಡಿಸಿದಾಗ ನಾವೇ ಕಬ್ಬಿಣದ ಬೀರುವನ್ನು ಗೋಡೆಗೆ ಒತ್ತಿ ಸರಿಸಿದ್ದೆವು, ಅದರ ಹಿಂದೆ ಕೇಬಲ್ ಮಡಚಿಕೊಂಡಿತ್ತು. ತಾಮ್ರದ ತಂತಿ ಮಡಚಿದರೂ ಬಹಳ ಮಟ್ಟಿಗೆ ಕೆಲಸ ಮಾಡುತ್ತದೆ. ಗಾಜಿನ ಎಳೆ ಬಿಗಿಯಾಗಿ ಬಾಗಿದರೆ ಬೆಳಕು ಆ ತಿರುವಿನಲ್ಲೇ ಸೋರಿಹೋಗುತ್ತದೆ. ಅವರು ಆ ತುಂಡನ್ನು ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ಅಗಲವಾದ ಸುತ್ತಿನಲ್ಲಿ ಕೇಬಲ್ ಬಿಟ್ಟ ಮೇಲೆ ಅಂಕಿ ಮೈನಸ್ 21ಕ್ಕೆ ಬಂತು. ಏಳು ಡಿಬಿ ಎಂದರೆ ಕಡಿಮೆಯೇನಲ್ಲ, ಅಲ್ಲಿಯವರೆಗೆ ನಮ್ಮ ಪೆಟ್ಟಿಗೆಗೆ ತಲುಪುತ್ತಿದ್ದುದು ಈಗಿನ ಬೆಳಕಿನ ಐದನೆಯ ಒಂದು ಪಾಲು ಮಾತ್ರ. ಬಿಚ್ಚಿದ ಫೈಬರಿನ ತುದಿಯನ್ನು ಕಣ್ಣಿನ ಬಳಿ ಹಿಡಿದು ನೋಡಬಾರದೆಂದು ಅವರು ನನ್ನ ಕೈ ಸರಿಸಿದರು. ಅದರಲ್ಲಿ ಹರಿಯುವ ಲೇಸರ್ ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಲ್ಲದು.

ಮೂರನೆಯದು ವೈಫೈ ತರಂಗದ್ದು, ಇದನ್ನು ಬೇಗ ಮುಗಿಸುತ್ತೇನೆ. ಒತ್ತೊತ್ತಾಗಿ ಮನೆಗಳಿರುವ ನಮ್ಮ ಬೀದಿಯಲ್ಲಿ ಫೋನಿನಲ್ಲಿ ಹುಡುಕಿದರೆ ಹದಿನೇಳು ವೈಫೈ ಹೆಸರುಗಳು ಸಿಕ್ಕವು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ನಮ್ಮದು ಸ್ವಯಂಚಾಲಿತ ಆಯ್ಕೆಯಲ್ಲಿ 40 ಮೆಗಾಹರ್ಟ್ಸ್ ಅಗಲವನ್ನು ಹಿಡಿದು, ಇದ್ದ ಜಾಗದ ಬಹುಪಾಲನ್ನು ಕಬಳಿಸಿ, ಎಲ್ಲರೊಂದಿಗೂ ಜಗಳಕ್ಕೆ ನಿಂತಿತ್ತು. ಅಗಲವನ್ನು 20ಕ್ಕೆ ಇಳಿಸಿ, ಕಡಿಮೆ ಜನರಿದ್ದ 11ಕ್ಕೆ ನಿಲ್ಲಿಸಿದೆ. ಎರಡೂ ತರಂಗಪಟ್ಟಿಗಳಿಗೆ ಒಂದೇ ಹೆಸರಿದ್ದುದರಿಂದ ಮೆಟ್ಟಿಲ ಬಳಿ ಮಗಳ ಫೋನು ಅತ್ತಿತ್ತ ಜಿಗಿಯುತ್ತ ಸಂಪರ್ಕ ಕಳೆದುಕೊಳ್ಳುತ್ತಿತ್ತು; ಬೇರೆ ಬೇರೆ ಹೆಸರು ಕೊಟ್ಟು, ಟಿವಿಯನ್ನೂ ಅವಳ ಲ್ಯಾಪ್‌ಟಾಪನ್ನೂ 5 ಗಿಗಾಹರ್ಟ್ಸ್‌ಗೆ, ಕಲ್ಲಿನ ಗೋಡೆಯಾಚೆಯ ಹಿಂದಿನ ಕೋಣೆಯನ್ನು 2.4ಕ್ಕೆ ಹಂಚಿದೆ. ಗೋಡೆಯನ್ನು ದಾಟುವುದರಲ್ಲಿ 2.4 ಮೇಲು, ವೇಗದಲ್ಲಿ 5 ಮೇಲು.

ಇನ್ನು ಸಾಧನದ ಬಗ್ಗೆ ನನ್ನ ತೀರ್ಪು. ಪೆಟ್ಟಿಗೆ ಗಟ್ಟಿ. ಚಾಲನೆಯ ಅವಧಿ, ಸಂಪರ್ಕ ಕಡಿದ ವೇಳೆ ಇತ್ಯಾದಿಗಳನ್ನು ದಾಖಲಿಸುವ ಅದರ ಲಾಗ್ ಪುಟ ಇಲ್ಲದಿದ್ದರೆ ಮೇಲಿನ ಯಾವ ಪತ್ತೆದಾರಿಕೆಯೂ ಸಾಧ್ಯವಿರಲಿಲ್ಲ, ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಮೊಬೈಲ್ ಆ್ಯಪ್ ನೋಡಲು ಚೆಂದ, ಉಪಯೋಗಕ್ಕೆ ಅಷ್ಟಕ್ಕಷ್ಟೆ. ಲಾಗ್ ಅದರಲ್ಲಿ ಕಾಣುವುದೇ ಇಲ್ಲ, ಕಂಪ್ಯೂಟರಿನಲ್ಲೇ ತೆರೆಯಬೇಕು. ಪೆಟ್ಟಿಗೆಯನ್ನು ನಡೆಸುವ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್‌ನ ಹೊಸ ಆವೃತ್ತಿ ಮೂರು ವರ್ಷಗಳಲ್ಲಿ ಎರಡೇ ಬಾರಿ ಬಂದಿದೆ. ಪೆಟ್ಟಿಗೆಗೆ ಮೂರು ವರ್ಷದ ವಾರಂಟಿ ಕೊಟ್ಟು, ಅದಕ್ಕೆ ಜೀವ ತುಂಬುವ ಅಡಾಪ್ಟರಿಗೆ ಒಂದೇ ವರ್ಷ ಕೊಟ್ಟಿರುವುದು ಮಾತ್ರ ನನಗೆ ಒಪ್ಪಿಗೆಯಾಗದ ಸಂಗತಿ.

ಕಳೆದ ಏಳು ತಿಂಗಳುಗಳಿಂದ ರೂಟರ್ ಪಶ್ಚಿಮದ ಗೋಡೆ ಬಿಟ್ಟು ಮೆಟ್ಟಿಲ ಕೆಳಗಿನ ತಂಪು ಗೂಡಿನಲ್ಲಿದೆ. ಅದಕ್ಕೂ ಓಎನ್‌ಟಿಗೂ ಸೇರಿ 12 ವೋಲ್ಟಿನ ಎರಡು ಹೊರದಾರಿಗಳಿರುವ ಪುಟ್ಟ ಲಿಥಿಯಂ ಯುಪಿಎಸ್ ಒಂದನ್ನು ಹಾಕಿದ್ದೇನೆ. ಎರಡಕ್ಕೂ ಬೇಕಾದ ಆಂಪಿಯರುಗಳನ್ನು ಕೂಡಿಸಿ, ಅದಕ್ಕಿಂತ ಹೆಚ್ಚಿನದನ್ನೇ ಆರಿಸಬೇಕು; ರೂಟರಿಗೆ ಮಾತ್ರ ಹಾಕಿ ಓಎನ್‌ಟಿಯನ್ನು ಬಿಟ್ಟರೆ ಕರೆಂಟ್ ಹೋದಾಗ ವೈಫೈ ಚಿಹ್ನೆ ಉಳಿಯುತ್ತದೆ, ಇಂಟರ್ನೆಟ್ ಉಳಿಯುವುದಿಲ್ಲ. ಈ ಅವಧಿಯಲ್ಲಿ ನೋಟ್‌ಬುಕ್ಕಿನಲ್ಲಿ ಎರಡೇ ಕಡಿತಗಳು ದಾಖಲಾಗಿವೆ, ಎರಡರಲ್ಲೂ ಬೀದಿಗೆ ಬೀದಿಯೇ ಸಂಪರ್ಕವಿಲ್ಲದೆ ಕುಳಿತಿತ್ತು.