ಗಂಧಕ ಎಷ್ಟಿದೆ? ಒಂದೇ ಚೂರನ್ನು ಮೂರು ಯಂತ್ರಗಳಲ್ಲಿ ಇಟ್ಟು ನೋಡಿದ್ದು

ಉಗುರಿನಷ್ಟು ಅಗಲದ ಒಂದು ಉಕ್ಕಿನ ಚೂರು. ಅದರ ಮೇಲೆ ಒಂದು ಮೈಕ್ರಾನ್‌ಗಿಂತ ತುಸು ದಪ್ಪದ ಮಾಲಿಬ್ಡಿನಂ ಡೈಸಲ್ಫೈಡ್ ಲೇಪ. ವ್ಯಾಕ್ಯೂಮ್‌ನಲ್ಲಿ ಓಡುವ ಬೇರಿಂಗ್‌ಗಳಿಗೆ ಎಣ್ಣೆ ಹಾಕುವುದು ಕಷ್ಟ. ಅಂಥ ಕಡೆ ಜಾರಿಸುವ ಕೆಲಸ ಈ ಕಪ್ಪು ಪದರದ್ದು. ಸೂತ್ರದ ಪ್ರಕಾರ ಒಂದು ಮಾಲಿಬ್ಡಿನಂ ಪರಮಾಣುವಿಗೆ ಎರಡು ಗಂಧಕ ಇರಬೇಕು. ಆದರೆ ಸ್ಪಟರಿಂಗ್ ಮಾಡಿ, ಅಂದರೆ ಅಯಾನುಗಳಿಂದ ಬಡಿದು ಎಬ್ಬಿಸಿದ ಪರಮಾಣುಗಳಿಂದ ಕೂರಿಸಿದ ಲೇಪದಲ್ಲಿ ಎಷ್ಟೋ ಸಲ ಗಂಧಕ ಕಡಿಮೆ ಬೀಳುತ್ತದೆ. ನಮ್ಮದು ಬೇಗ ಸವೆಯುತ್ತಿತ್ತು. ಹಾಗಾಗಿ ಎರಡು ವಿಷಯ ತಿಳಿಯಬೇಕಿತ್ತು: ಗಂಧಕ ನಿಜವಾಗಿ ಎಷ್ಟಿದೆ, ಲೇಪದ ಒಳಗೆ ಏನಾಗಿದೆ.

ಚೂರನ್ನು ಸೆಮ್, ಮೈಕ್ರೋಪ್ರೋಬ್ (ಧಾತುಗಳ ಪ್ರಮಾಣ ಅಳೆಯುವ ಯಂತ್ರ), ಫಿಬ್ (ಅಯಾನು ಬೀಮ್‌ನಿಂದ ಕೊರೆಯುವ ಯಂತ್ರ) ಮೂರರಲ್ಲೂ ಇಟ್ಟು ನೋಡಿದೆ. ಯಾವುದು ಎಷ್ಟು ಸಣ್ಣದನ್ನು ತೋರಿಸುತ್ತದೆ ಅನ್ನೋದು ಬ್ರೋಷರ್‌ನಲ್ಲೇ ಸಿಗುತ್ತದೆ. ಯಾವುದು ಎಲ್ಲಿ ದಾರಿ ತಪ್ಪಿಸುತ್ತದೆ ಅನ್ನೋದು ಅಲ್ಲಿ ಇರುವುದಿಲ್ಲ, ಅಲ್ವಾ? ನಾನು ಹೋಲಿಸಿದ್ದು ಅದನ್ನೇ.

ಮೊದಲು ಸೆಮ್, ಅಂದರೆ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್. ಇಷ್ಟು ಸಲೀಸಾದ ಯಂತ್ರ ಇನ್ನೊಂದಿಲ್ಲ. ಚೂರನ್ನು ಕಾರ್ಬನ್ ಟೇಪ್‌ನಿಂದ ಸ್ಟಬ್‌ಗೆ ಅಂಟಿಸಿ ಒಳಗಿಟ್ಟರೆ ಹತ್ತು ನಿಮಿಷದಲ್ಲಿ ಚಿತ್ರ ಸಿದ್ಧ. ಲೇಪ ಎಲ್ಲಿ ಎದ್ದಿದೆ, ಎಲ್ಲಿ ಸವೆದು ಉಕ್ಕು ಕಾಣುತ್ತಿದೆ, ಎಲ್ಲವೂ ಒಂದೇ ನೋಟಕ್ಕೆ ಸಿಕ್ಕಿತು. ಜೊತೆಗೆ ಇಡಿಎಸ್ ಡಿಟೆಕ್ಟರ್ ಇತ್ತು. ಬೀಮ್ ಬಡಿದಾಗ ಹೊರಡುವ ಎಕ್ಸ್-ರೇಗಳ ಶಕ್ತಿ ನೋಡಿ ಅದು ಯಾವ ಧಾತು ಎಂದು ಗುರುತಿಸುತ್ತದೆ. ಒಂದು ನಿಮಿಷದಲ್ಲಿ ಪೂರ್ತಿ ಪಟ್ಟಿ ಬಂತು. ಶೇಕಡಾವಾರು ಲೆಕ್ಕ, ಅದೂ ಎರಡು ದಶಮಾಂಶದವರೆಗೆ.

ಆ ಎರಡು ದಶಮಾಂಶ ನಂಬಿ ಕೆಟ್ಟೆ. ಗಂಧಕವನ್ನು ಗುರುತಿಸುವ ಕೆ-ಆಲ್ಫಾ ಎಂಬ ಎಕ್ಸ್-ರೇ ಬರುವುದು 2.307 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ. ಮಾಲಿಬ್ಡಿನಂನ ಎಲ್-ಆಲ್ಫಾ 2.293ರಲ್ಲಿ. ನಡುವೆ ಬರೀ 14 ಎಲೆಕ್ಟ್ರಾನ್ ವೋಲ್ಟ್ ಜಾಗ. ಇಡಿಎಸ್ ಗ್ರಾಫ್‌ನಲ್ಲಿ ಧಾತುವಿನ ಪೀಕ್, ಅಂದರೆ ಶಿಖರ, ಅಲ್ಲಿ ಸುಮಾರು 90 ಎಲೆಕ್ಟ್ರಾನ್ ವೋಲ್ಟ್ ಅಗಲ ಇರುತ್ತದೆ. ಅಂದಮೇಲೆ ಎರಡೂ ಸೇರಿ ಒಂದೇ ಗುಡ್ಡ. ಸಾಫ್ಟ್‌ವೇರ್ ಆ ಗುಡ್ಡವನ್ನು ಲೆಕ್ಕ ಹಾಕಿ ಎರಡು ಪಾಲು ಮಾಡುತ್ತದೆ. ಮೊದಲು ಗಂಧಕದ ಅನುಪಾತ ಎರಡಕ್ಕಿಂತ ತುಸು ಜಾಸ್ತಿ ಬಂತು. ಖುಷಿಯಾಯಿತು. ಅದೇ ಸ್ಪೆಕ್ಟ್ರಂನಲ್ಲಿ ಹಿನ್ನೆಲೆ ಕಳೆಯುವ ವಿಧಾನ ಬದಲಿಸಿದೆ, ಒಂದೂವರೆಗೆ ಇಳಿಯಿತು. ಸ್ಯಾಂಪಲ್ ಮುಟ್ಟೇ ಇರಲಿಲ್ಲ!

ಮಾಲಿಬ್ಡಿನಂಗೆ 17.5 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಇನ್ನೊಂದು ಪೀಕ್ ಇದೆ, ಅಲ್ಲಿ ಗಂಧಕದ ಕಾಟ ಇಲ್ಲ. ಅದನ್ನು ಎಬ್ಬಿಸೋಣ ಅಂತ ವೋಲ್ಟೇಜ್ 30 ಕಿಲೋವೋಲ್ಟ್‌ಗೆ ಏರಿಸಿದೆ. ಬೀಮ್ ಲೇಪ ದಾಟಿ ಉಕ್ಕಿಗೆ ಇಳಿಯಿತು. ಕಬ್ಬಿಣದ ಪೀಕ್ ಎದ್ದು ನಿಂತಿತು. ಆ ದಾರಿಯೂ ಮುಚ್ಚಿತು.

ಮೈಕ್ರೋಪ್ರೋಬ್‌ನಲ್ಲೂ ಇರುವುದು ಎಲೆಕ್ಟ್ರಾನ್ ಬೀಮೇ. ರೇಮೊಂ ಕಾಸ್ತೇಂ ಎಂಬ ಫ್ರೆಂಚ್ ವಿಜ್ಞಾನಿ 1951ರಲ್ಲಿ ಪ್ಯಾರಿಸ್‌ನಲ್ಲಿ ಬರೆದ ಡಾಕ್ಟರೇಟ್ ಪ್ರಬಂಧ ಇದಕ್ಕೆ ಬುನಾದಿ. ಅವರು ಹಾಕಿಕೊಟ್ಟ ನಿಯಮ ಇವತ್ತಿಗೂ ಅದೇ: ಸಂಯೋಜನೆ ಗೊತ್ತಿರುವ ಚೂರಿನಲ್ಲಿ (ಇದೇ ಸ್ಟ್ಯಾಂಡರ್ಡ್) ಇಷ್ಟು ಎಕ್ಸ್-ರೇ ಕೌಂಟ್, ನಿಮ್ಮ ಚೂರಿನಲ್ಲಿ ಇಷ್ಟು, ಎರಡರ ಅನುಪಾತ ತೆಗೆದು ತಿದ್ದುಪಡಿ ಮಾಡಿ. ಎಕ್ಸ್-ರೇಗಳನ್ನು ಇಲ್ಲಿ ಒಂದು ಹರಳಿನ ಮೂಲಕ ಬೇರ್ಪಡಿಸುತ್ತಾರೆ. ಹರಳು ಒಂದು ಕೋನದಲ್ಲಿ ಒಂದೇ ತರಂಗಾಂತರವನ್ನು ಕಳಿಸುತ್ತದೆ. ಇಡಿಎಸ್‌ನಲ್ಲಿ ಒಂದೇ ಗುಡ್ಡವಾಗಿದ್ದದ್ದು ಇಲ್ಲಿ ಎರಡು ಚೂಪು ಪೀಕ್. ಬುಡದಲ್ಲಿ ಮಾತ್ರ ಸ್ವಲ್ಪ ತಾಗಿಕೊಂಡಿದ್ದವು. ಶುದ್ಧ ಮಾಲಿಬ್ಡಿನಂ ತುಂಡನ್ನು ಗಂಧಕದ ಜಾಗದಲ್ಲಿ ಅಳೆದು, ಅಷ್ಟನ್ನು ಕಳೆದೆವು.

ತಾಳ್ಮೆ ಬೇಕು ಸ್ವಾಮಿ. ಅರ್ಧ ದಿನ ಸ್ಟ್ಯಾಂಡರ್ಡ್ ಅಳೆಯುವುದರಲ್ಲೇ ಹೋಯಿತು. ಮಾಲಿಬ್ಡಿನಂಗೆ ಲೋಹದ ತುಂಡು, ಗಂಧಕಕ್ಕೆ ಪೈರೈಟ್ ಖನಿಜ. ಬೀಮ್ ಲೇಪದೊಳಗೇ ಉಳಿಯಲಿ ಎಂದು 10 ಕಿಲೋವೋಲ್ಟ್ ಇಟ್ಟೆವು. ಹತ್ತು ಜಾಗ ಅಳೆದರೆ ಹತ್ತೂ ಹತ್ತಿರ ಹತ್ತಿರ: ಅನುಪಾತ 1.7ರ ಆಸುಪಾಸು.

ಆದರೆ ನನಗೆ ಈ ಯಂತ್ರದ ಮೇಲೆ ಪ್ರೀತಿ ಬಂದದ್ದು ಈ ಅಂಕಿಯಿಂದ ಅಲ್ಲ, ಮೊತ್ತದಿಂದ. ಗಂಧಕ, ಮಾಲಿಬ್ಡಿನಂ ಕೂಡಿಸಿದರೆ ನೂರಕ್ಕೆ ಐದಾರು ಕಡಿಮೆ. ಇಡಿಎಸ್ ಪಟ್ಟಿಯಲ್ಲಿ ಮೊತ್ತ ಸರಿಯಾಗಿ ನೂರೇ ಇತ್ತು, ಯಾಕೆಂದರೆ ಅಲ್ಲಿ ಸಾಫ್ಟ್‌ವೇರೇ ಎಳೆದು ನೂರು ಮಾಡಿತ್ತು. ಇಲ್ಲಿ ಕೊರತೆ ಕಣ್ಣಿಗೆ ಹೊಡೆಯಿತು. ಆಕ್ಸಿಜನ್ ಕೂಡ ಅಳೆದು ನೋಡಿದಾಗ ಕೊರತೆಯ ಹೆಚ್ಚಿನ ಪಾಲು ತುಂಬಿತು. ಗಂಧಕ ಇರಬೇಕಾದ ಕೆಲವು ಕಡೆ ಆಕ್ಸಿಜನ್ ಕೂತಿದೆ ಎನ್ನುವ ಅನುಮಾನ ಹುಟ್ಟಿದ್ದೇ ಆಗ. ಇದರ ದೋಷವೂ ಅಲ್ಲೇ ಇದೆ. ನೀವು ಕೇಳದ ಧಾತುವಿನ ಬಗ್ಗೆ ಅದು ತಾನಾಗಿ ಬಾಯಿ ಬಿಡುವುದಿಲ್ಲ.

ಫಿಬ್‌ನ ಕಥೆ ಬೇರೆ. ಗ್ಯಾಲಿಯಂ ಅಯಾನುಗಳ ಬೀಮ್ ಲೇಪವನ್ನು ಕೊರೆಯುತ್ತದೆ, ಪಕ್ಕದ ಎಲೆಕ್ಟ್ರಾನ್ ಬೀಮ್ ಕೊರೆದ ಗೋಡೆಯ ಚಿತ್ರ ತೆಗೆಯುತ್ತದೆ. ಗ್ಯಾಲಿಯಂ ಯಾಕೆ? ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೇ ಕರಗುವ ಲೋಹ, ಸೂಜಿಯ ತುದಿಯಿಂದ ಸಣ್ಣ ಬೀಮ್ ಎಳೆಯಲು ಹೇಳಿ ಮಾಡಿಸಿದ್ದು. ಕೊರೆಯುವ ಮೊದಲು ಮೇಲೆ ಪ್ಲಾಟಿನಂ ಪಟ್ಟಿ ಕೂರಿಸುತ್ತಾರೆ. ಇದನ್ನೂ ಅಯಾನು ಬೀಮ್‌ನಲ್ಲೇ ಶುರು ಮಾಡಿದರೆ ಲೇಪದ ಮೇಲ್ಮೈ ಹಾಳಾಗುತ್ತದೆ. ಮೊದಲ ತೆಳು ಪದರವನ್ನು ಎಲೆಕ್ಟ್ರಾನ್ ಬೀಮ್‌ನಿಂದ ಕೂರಿಸಿ, ಆಮೇಲೆ ಅಯಾನು ಬಳಸಬೇಕು.

ಗೋಡೆಯ ಚಿತ್ರ ಬಂದಾಗ ಕೋಣೆಯಲ್ಲಿದ್ದವರೆಲ್ಲ 'ಓಹೋ' ಅಂದೆವು. ಲೇಪದ ತುಂಬ ನೆಟ್ಟಗೆ ನಿಂತ ಕಂಬಗಳು. ಸ್ಪಟರಿಂಗ್ ಲೇಪ ಕಂಬ ಕಂಬವಾಗಿ ಬೆಳೆಯುವುದುಂಟು, ಕಂಬಗಳ ನಡುವಿನ ಸಂದಿಯಿಂದ ಗಾಳಿ, ತೇವ ನುಗ್ಗುತ್ತದೆ. ಆಕ್ಸಿಜನ್‌ಗೂ ಉತ್ತರ ಸಿಕ್ಕಿತಲ್ಲ! ಆಪರೇಟರ್ ಮಾತ್ರ ನಗಲಿಲ್ಲ. ಸುಮ್ನೆ ಚಿತ್ರದ ಕೆಳಭಾಗ ತೋರಿಸಿದರು. ಗೆರೆಗಳು ಲೇಪದಲ್ಲಿ ನಿಲ್ಲದೆ ಉಕ್ಕಿನೊಳಗೂ ಇಳಿದಿದ್ದವು. ಲೇಪದ ಕಂಬ ಉಕ್ಕಿಗೆ ಇಳಿಯಲು ಸಾಧ್ಯವೇ? ಅದು ಕರ್ಟನಿಂಗ್. ಮೇಲ್ಮೈಯ ಉಬ್ಬುತಗ್ಗಿನಿಂದಾಗಿ ಅಯಾನು ಬೀಮ್ ಸಮವಾಗಿ ಕೊರೆಯದೆ ಪರದೆಯ ಮಡಿಕೆಯಂಥ ಗೆರೆ ಎಳೆದಿತ್ತು. ಪ್ಲಾಟಿನಂ ದಪ್ಪ ಮಾಡಿ, ಚೂರನ್ನು ಆ ಕಡೆ ಈ ಕಡೆ ಕೆಲವು ಡಿಗ್ರಿ ಓರೆ ಮಾಡುತ್ತಾ, ಕಡಿಮೆ ಕರೆಂಟ್‌ನಲ್ಲಿ ಮತ್ತೆ ಸವರಿದೆವು. ಉಕ್ಕಿನ ಗೆರೆಗಳು ಮಾಯವಾದವು. ಲೇಪದಲ್ಲಿ ಅರ್ಧದಷ್ಟು ಉಳಿದವು. ಅವು ನಿಜವಾದ ಕಂಬಗಳು.

ಗಂಧಕದ ಪ್ರಶ್ನೆಗೆ ಫಿಬ್ ಏನೂ ಕೊಡಲಿಲ್ಲ. ಅಲ್ಲಿರುವುದೂ ಅದೇ ಇಡಿಎಸ್, ಅದೇ ಒಂದು ಗುಡ್ಡ. ಜೊತೆಗೆ ಯಂತ್ರವೇ ತುಂಬಿದ ಗ್ಯಾಲಿಯಂ ಪೀಕ್ ಬೇರೆ. ಹೀಲಿಯಂ ಅಯಾನು ಮೈಕ್ರೋಸ್ಕೋಪ್ ಸಿಕ್ಕರೆ ಬಳಸಿ ಎಂದವರೂ ಇದ್ದರು. ಅದರ ಚಿತ್ರ ಸೊಗಸು, ಆದರೆ ಎಕ್ಸ್-ರೇ ಲೆಕ್ಕ ಅದರಿಂದ ಆಗದು. ನಮಗೆ ಬೇಡವಾಯಿತು.

ಈಗ ಹೊಸ ಚೂರು ಬಂದರೆ ಮೊದಲ ದಿನ ಸೆಮ್‌ಗೇ ಹೋಗುತ್ತೇನೆ. ಚಿತ್ರ ನೋಡುತ್ತೇನೆ, ಇಡಿಎಸ್‌ನಲ್ಲಿ ಹೆಸರು ಮಾತ್ರ ಓದುತ್ತೇನೆ, ಅಂಕಿ ಓದುವುದಿಲ್ಲ. ವರದಿಗೆ ಹೋಗುವ ಅಂಕಿ ಮೈಕ್ರೋಪ್ರೋಬ್‌ನದ್ದು. ಫಿಬ್ ಕೊನೆಗೆ, ಎಲ್ಲಿ ಕೊರೆಯಬೇಕು ಎಂದು ಗೊತ್ತಾದ ಮೇಲೆ. ಕೊರೆದ ಜಾಗ ವಾಪಸ್ ಬರುವುದಿಲ್ಲವಲ್ಲ.

ಮುಂದಿನ ಚೂರಿನಲ್ಲಿ ಲೇಪದ ಕೆಳಗೆ ಟೈಟಾನಿಯಂ ನೈಟ್ರೈಡ್ ಪದರ ಇದೆ, ನೈಟ್ರೋಜನ್ ಎಷ್ಟಿದೆ ಎಂದು ಕೇಳಿದ್ದಾರೆ. ನೈಟ್ರೋಜನ್‌ನ ಪೀಕ್ 392 ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಟೈಟಾನಿಯಂನ ಒಂದು ಸಣ್ಣ ಪೀಕ್ 395ರಲ್ಲಿ. ಅಲ್ಲಿ ಮೈಕ್ರೋಪ್ರೋಬ್ ಕೂಡ ತಡವರಿಸುತ್ತದೆ. ನೈಟ್ರೋಜನ್ ಇಲ್ಲದ ಶುದ್ಧ ಟೈಟಾನಿಯಂ ತುಂಡೊಂದನ್ನು ಈಗಲೇ ಪಾಲಿಶ್‌ಗೆ ಕೊಟ್ಟಿದ್ದೇನೆ.