ಹಳೆಯ ಮಿನಿ: ರೇಟು ಏರಿದೆ, ಲಾಭ ಎಲ್ಲಿ?

ಬರ್ಮಿಂಗ್‌ಹ್ಯಾಂನಲ್ಲಿ ನಾನು ಓಡಿಸುವುದು 1979ರ ಮಿನಿ 1000 ಎಂಬ ಬ್ರಿಟಿಷ್ ಕಾರು. 998 ಸಿಸಿ ಎಂಜಿನ್, ನಾಲ್ಕು ಗೇರ್, ಹತ್ತು ಇಂಚಿನ ಪುಟಾಣಿ ಚಕ್ರ. ತಗೊಂಡು ಹತ್ತು ವರ್ಷಕ್ಕೂ ಮೇಲಾಯಿತು. ಬೆಂಗಳೂರಿನಿಂದ ಮಾವ ಫೋನ್ ಮಾಡಿದಾಗೆಲ್ಲ ಒಂದೇ ಪ್ರಶ್ನೆ: "ಏನಪ್ಪಾ, ಆ ಡಬ್ಬಾ ಗಾಡಿಗೆ ಈಗ ಎಷ್ಟು ರೇಟು?" ನಾನು ಕೊಟ್ಟಿದ್ದಕ್ಕಿಂತ ಈಗ ಜಾಸ್ತಿಯೇ ಸಿಗುತ್ತದೆ. ಆದರೆ ಗ್ಯಾರೇಜಿಗೆ ಸುರಿದದ್ದನ್ನು ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ದುಡ್ಡು ಬೆಳೆಸಬೇಕು ಅಂತ ಮಿನಿ ತಗೊಳ್ಳುವವರು ಇದನ್ನು ಮೊದಲೇ ತಿಳಿದಿರಲಿ.

1959ರಿಂದ 2000ದವರೆಗೆ 53 ಲಕ್ಷಕ್ಕೂ ಹೆಚ್ಚು ಮಿನಿಗಳು ತಯಾರಾದವು. ಹಾಗಾಗಿ ಮಿನಿ ಅಪರೂಪದ ಗಾಡಿ ಅಲ್ಲವೇ ಅಲ್ಲ. ಅಪರೂಪ ಅಂದರೆ ತುಕ್ಕು ಹಿಡಿಯದ ಬಾಡಿ, ಮತ್ತೆ ಅರವತ್ತರ ದಶಕದ ಅಸಲಿ ಕೂಪರ್ ಎಸ್, ಅಂದರೆ ಮಿನಿಯದ್ದೇ ಜೋರು ಓಟದ ಮಾದರಿ. ಮಾಂಟೆ ಕಾರ್ಲೋ ರ‍್ಯಾಲಿಯನ್ನು ಮಿನಿ 1964, 1965, 1967ರಲ್ಲಿ ಗೆದ್ದಿತು. 1966ರಲ್ಲೂ ಮೊದಲು ಬಂದದ್ದು ಅದೇ, ಹೆಡ್‌ಲೈಟ್ ನಿಯಮದ ನೆಪ ತೆಗೆದು ಅನರ್ಹ ಮಾಡಿದರು. ಆ ಹೆಸರಿನ ಬಲದಿಂದಲೇ ಕೂಪರ್ ಎಸ್‌ಗೆ ಸಾಧಾರಣ ಮಿನಿಯ ಹಲವು ಪಟ್ಟು ಬೆಲೆ. ಬೆಲೆ ಇದ್ದ ಕಡೆ ನಕಲಿಯೂ ಇರುತ್ತದೆ, ಅಲ್ವಾ? ಸಾದಾ ಮಿನಿಗೆ ಡಿಸ್ಕ್ ಬ್ರೇಕ್, ಎರಡನೇ ಪೆಟ್ರೋಲ್ ಟ್ಯಾಂಕ್, ಒಂದು ಬ್ಯಾಡ್ಜ್ ಹಾಕಿಬಿಟ್ಟರೆ ನೋಡುವವರಿಗೆ ಗೊತ್ತಾಗುವುದಿಲ್ಲ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಫ್ಯಾಕ್ಟರಿ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಚಾಸಿಸ್ ನಂಬರ್, ಎಂಜಿನ್ ನಂಬರ್ ಅದಕ್ಕೆ ತಾಳೆಯಾಗದಿದ್ದರೆ ಕೂಪರ್ ಎಸ್ ರೇಟು ಕೊಡಲೇಬೇಡಿ.

ಇನ್ನು ತುಕ್ಕು. ಮಿನಿಯ ದುಡ್ಡೆಲ್ಲ ಇರುವುದು ತಗಡಿನಲ್ಲಿ. ಎಂಜಿನ್ ಕೆಟ್ಟರೆ ಚಿಂತೆಯಿಲ್ಲ, ಮಿನಿಯ ಈ ಎ-ಸೀರೀಸ್ ಎಂಜಿನ್ನಿನ ಬಿಡಿಭಾಗ ಇಂದಿಗೂ ಸುಲಭವಾಗಿ, ಕೈಗೆಟುಕುವ ಬೆಲೆಗೆ ಸಿಗುತ್ತವೆ. ಬಾಡಿ ಹಾಗಲ್ಲ. ಬಾಗಿಲ ಕೆಳಗಿನ ಸಿಲ್, ಮುಂದಿನ ಗಾಜಿನ ಬುಡ, ಡಿಕ್ಕಿಯ ತಳ, ಹಿಂದಿನ ಚಕ್ರಗಳನ್ನು ಹಿಡಿದಿಡುವ ಸಬ್‌ಫ್ರೇಮ್, ಎಲ್ಲ ಕಡೆ ನೀರು ನಿಂತು ಒಳಗಿನಿಂದ ತಿನ್ನುತ್ತದೆ. ಮೇಲೆ ಪೇಂಟ್ ಫಳಫಳ ಹೊಳೆಯುತ್ತಿರುತ್ತದೆ. ನನ್ನ ಗಾಡಿಯ ಎಡಗಡೆ ಸಿಲ್‌ಗೆ ಬಟ್ಟೆ ಸುತ್ತಿದ ಮ್ಯಾಗ್ನೆಟ್ ಹಿಡಿದುಕೊಂಡು ಹೋದರೆ ಒಂದು ಗೇಣು ಜಾಗದಲ್ಲಿ ಅಂಟುತ್ತಲೇ ಇರಲಿಲ್ಲ. ಹಿಂದೆ ಯಾರೋ ತಗಡು ಬೆಸೆಯುವ ಬದಲು ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು. ಅದನ್ನು ತೋರಿಸಿಯೇ ಚೌಕಾಸಿ ಮಾಡಿದೆ. ಆದರೂ ಟಿಂಕರಿಂಗ್ ಬಿಲ್ಲು ನೋಡಿ ಮನೆಯವಳು ಎರಡು ದಿನ ಮಾತಾಡಲಿಲ್ಲ. ಹೊಸ ಬಾಡಿ ಶೆಲ್ಲನ್ನೇ ಬ್ರಿಟಿಷ್ ಮೋಟಾರ್ ಹೆರಿಟೇಜ್ ಕಂಪನಿ ಮಾಡಿಕೊಡುತ್ತದೆ. ಬೆಲೆ 10,000 ಪೌಂಡ್ ದಾಟುತ್ತದೆ. ಚೆನ್ನಾಗಿರುವ ಸಾದಾ ಮಿನಿಯೊಂದಕ್ಕೆ ಅಷ್ಟು ಸಿಕ್ಕರೆ ಪುಣ್ಯ.

ಓಡಿಸುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಿರುವಿನಲ್ಲಿ ಇದರ ಮಜಾನೇ ಬೇರೆ. ಗೇರ್‌ಬಾಕ್ಸಿಗೂ ಎಂಜಿನ್ನಿಗೂ ಒಂದೇ ಆಯಿಲ್, ಆದ್ದರಿಂದ ಬೇಗ ಬೇಗ ಬದಲಾಯಿಸಬೇಕು. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮುಂದಿನ ಗ್ರಿಲ್ಲಿನ ಹಿಂದೆಯೇ ಇದೆ, ಜೋರು ಮಳೆಗೆ ಅದು ನೆನೆದು ಗಾಡಿ ನಿಂತುಬಿಡುತ್ತದೆ. ಡಿಸ್ಟ್ರಿಬ್ಯೂಟರ್‌ಗೆ ರಬ್ಬರ್ ಗ್ಲೌಸ್ ತೊಡಿಸಿ, ಬೆರಳುಗಳ ತುದಿ ಕತ್ತರಿಸಿ ವೈರ್ ಹೊರಗೆ ತೆಗೆಯುವುದು ಇಲ್ಲಿಯವರ ಹಳೇ ಉಪಾಯ. ನಾನೂ ಹಾಗೇ ಮಾಡಿದ್ದೇನೆ.

ಖರ್ಚಿನಲ್ಲಿ ಕೈಹಿಡಿಯುವುದು ಕಾನೂನು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರೋಡ್ ಟ್ಯಾಕ್ಸ್ ಇಲ್ಲ. ಹೆಚ್ಚು ಮಾರ್ಪಾಡು ಮಾಡದಿದ್ದರೆ ಗಾಡಿ ರಸ್ತೆಗೆ ಯೋಗ್ಯವೇ ಅಂತ ವರ್ಷಕ್ಕೊಮ್ಮೆ ನೋಡುವ ಎಂಒಟಿ ಪರೀಕ್ಷೆಯೂ ಕಡ್ಡಾಯವಲ್ಲ. ನಾನಂತೂ ಪ್ರತಿ ವರ್ಷ ಮಾಡಿಸುತ್ತೇನೆ, ಮಾರುವಾಗ ಆ ಕಾಗದಕ್ಕೆ ಬೆಲೆಯಿದೆ. ಹಿಸ್ಟಾರಿಕ್ ಅಂತ ನೋಂದಾಯಿಸಿದರೆ ಹೊಗೆ ಜಾಸ್ತಿ ಉಗುಳುವ ಗಾಡಿಗಳಿಗೆ ಹಾಕುವ ಲಂಡನ್ನಿನ ಯೂಲೆಜ್ ಶುಲ್ಕ, ಅಂದರೆ ದಿನಕ್ಕೆ 12.50 ಪೌಂಡ್, ಅದೂ ಉಳಿಯುತ್ತದೆ. ಇನ್ನೊಂದು ವಿಷಯ: ಸ್ವಂತಕ್ಕೆ ಇಟ್ಟುಕೊಂಡ ಕಾರು ಮಾರಿ ಲಾಭ ಬಂದರೆ ಇಲ್ಲಿ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ. ಅದನ್ನೇ ವ್ಯಾಪಾರ ಮಾಡಿಕೊಂಡರೆ ಬೇರೆ ಮಾತು.

ಮುಂದೆ ಏರುವುದು ಯಾವುದು ಅಂತ ಕೇಳಿದರೆ, ನನ್ನ ಕಣ್ಣು ತೊಂಬತ್ತರ ದಶಕದ ರೋವರ್ ಕಂಪನಿಯ ಕಾಲದ ಕೂಪರ್‌ಗಳ ಮೇಲೆ. 1990ರಲ್ಲಿ ತಯಾರಾದವಕ್ಕೆ ಈಗಿನ ನಿಯಮದಂತೆ 2031ರ ಏಪ್ರಿಲ್‌ನಿಂದ ಟ್ಯಾಕ್ಸ್ ಮಾಫಿ. ಆಮೇಲೆ ಒಂದೊಂದು ವರ್ಷದ ಗಾಡಿಯೂ ಸರದಿಯಲ್ಲಿ ಬರುತ್ತದೆ. ತೊಂಬತ್ತರ ದಶಕದಲ್ಲಿ ಹುಡುಗರಾಗಿದ್ದವರು ಈಗ ಕೈತುಂಬ ಸಂಪಾದಿಸುವ ವಯಸ್ಸಿನಲ್ಲಿದ್ದಾರೆ. ಅರವತ್ತರ ದಶಕದ ಸಾದಾ ಮಿನಿಯನ್ನು ಯೌವನದಲ್ಲಿ ಓಡಿಸಿದವರಿಗೆ ಈಗ ಎಪ್ಪತ್ತು ಎಂಬತ್ತು. ಕೊಳ್ಳುವವರಿಗಿಂತ ಮಾರುವವರೇ ಜಾಸ್ತಿಯಾದರೆ ಆ ರೇಟು ಇಳಿಯಲೂಬಹುದು. ಜಪಾನ್‌ನಲ್ಲಿ ಮಿನಿಗೆ ಇಂದಿಗೂ ಅಭಿಮಾನಿಗಳಿದ್ದಾರೆ, ಅಲ್ಲಿಂದ ವಾಪಸ್ ಬರುವ ಗಾಡಿಗಳಲ್ಲಿ ಒಳ್ಳೆಯವು ಸಿಗುತ್ತವೆ. ಆದರೆ ಅದಕ್ಕೂ ಮ್ಯಾಗ್ನೆಟ್ ಹಿಡಿದೇ ನೋಡಿ.

ಐದಕ್ಕೆ ಎಷ್ಟು ಸ್ಟಾರ್ ಕೊಡುತ್ತೀರಿ ಅಂದರೆ: ಓಡಿಸಲು ಐದು, ದುಡ್ಡು ಹಾಕಲು ಎರಡು. ವಿಮೆ ಮಾತ್ರ ಮೊದಲೇ ಬೆಲೆ ಒಪ್ಪಿಕೊಂಡ ಅಗ್ರೀಡ್ ವ್ಯಾಲ್ಯೂ ಪಾಲಿಸಿಯನ್ನೇ ಮಾಡಿಸಿ. ರಿನ್ಯೂ ಮಾಡುವಾಗ ಹೊಸ ಫೋಟೋ ಕಳಿಸಿ ಆ ಬೆಲೆ ಪರಿಷ್ಕರಿಸಿಕೊಳ್ಳಿ.